ಸೀಳಿ ನೆನೆಸಿದ ಬಿದಿರು: ಕುಟ್ಟೆ ಹಿಡಿಯದ ಬುಟ್ಟಿಗೆ ನಾನು ಕಂಡುಕೊಂಡ ದಾರಿ

ಸೀಳಿದ ಬಿದಿರನ್ನು ನೀರಿಗೆ ಹಾಕಿದರೆ ಕೊಳೆಯುತ್ತದೆ ಎಂಬುದು ಮೇದಾರ ಕೇರಿಯಲ್ಲಿ ಎಲ್ಲರ ಮಾತು. ನೆನೆಸುವುದಾದರೆ ಇಡೀ ಗಳ ನೆನೆಸು, ಇಲ್ಲವಾದರೆ ಹಸಿಯಲ್ಲೇ ಹೆಣೆದು ಒಲೆಯ ಮೇಲಿನ ಅಟ್ಟಕ್ಕೆ ಹಾಕು, ಹೊಗೆ ನೋಡಿಕೊಳ್ಳುತ್ತದೆ ಅನ್ನುತ್ತಿದ್ದರು. ಗ್ಯಾಸ್ ಒಲೆ ಬಂದ ಮೇಲೆ ಹೊಗೆ ಎಲ್ಲಿಂದ ಬರಬೇಕು? ಹುಳು ತಿನ್ನುವ ಗಂಜಿ ನೀರಿಗೆ ಬಿಟ್ಟುಹೋಗಲಿ ಎಂದು ನಾನು ಸೀಳಿಯೇ ನೆನೆಸಿದೆ. ಹಾಗೆ ಮಾಡಿದ ಗೊಬ್ಬರದ ಬುಟ್ಟಿಗಳು ಮೂರು ಮಳೆಗಾಲ ದಾಟಿವೆ, ಕುಟ್ಟೆ ಹುಳು ಬಿದಿರು ಕೊರೆದು ಉದುರಿಸುವ ಹಿಟ್ಟು ತಳದಲ್ಲಿ ಒಂದು ಚಿಟಿಕೆಯೂ ಬಿದ್ದಿಲ್ಲ. ಹಸಿಯಲ್ಲಿ ಹೆಣೆದ ಬುಟ್ಟಿಗೆ ನಾಲ್ಕೈದು ತಿಂಗಳಲ್ಲೇ ಕುಟ್ಟೆ ಹಿಡಿಯುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಮೊದಲ ಪ್ರಯತ್ನ ಪೂರ್ತಿ ನಷ್ಟ. ಸುಮಾರು 40 ಗಳ ಹೆಬ್ಬಿದಿರನ್ನು ಇಡಿಯಾಗಿ ಕೆರೆಗೆ ಹಾಕಿ ಕಲ್ಲು ಹೇರಿ ಒಂದು ತಿಂಗಳು ಬಿಟ್ಟಿದ್ದೆ. ಗಳದ ಹೊರಮೈ ಮೇಣದಂತೆ, ಅದು ನೀರನ್ನು ಒಳಗೆ ಬಿಡುವುದಿಲ್ಲ. ನೀರು ಒಳಗೆ ಹೋಗುವುದು ಕಡಿದ ಎರಡು ತುದಿಗಳಿಂದ ಮಾತ್ರ, ಅದಕ್ಕೂ ಗೆಣ್ಣು ಗೆಣ್ಣಿಗೆ ಗೋಡೆ ಅಡ್ಡ. ತೆಗೆದು ಸೀಳಿದಾಗ ತುದಿಯ ಒಂದು ಮೊಳ ಚೆನ್ನಾಗಿ ಹದಗೊಂಡಿತ್ತು, ನಡುಭಾಗ ಕಡಿದ ದಿನ ಇದ್ದಂತೆಯೇ ಇತ್ತು. ನಿಂತ ನೀರಾದ್ದರಿಂದ ಮೈಯೆಲ್ಲ ಕಪ್ಪು ಕಲೆ, ಕೊಳೆತ ನಾತ ಬೇರೆ. ಗಳಕ್ಕೆ 100, 110 ರೂಪಾಯಿ, ಸಾಗಣೆ ಸೇರಿ ಐದು ಸಾವಿರದ ಹತ್ತಿರ ಹೋಯಿತು. ಬುಟ್ಟಿಗಳನ್ನು ಅರ್ಧ ಬೆಲೆಗೂ ಯಾರೂ ಮುಟ್ಟಲಿಲ್ಲ.

ಸೀಳಿದ ಮೇಲೆ ನೆನೆಸಿದರೆ ಒಳಮೈ ಪೂರ್ತಿ ತೆರೆದಿರುತ್ತದೆ, ಒಂದು ತಿಂಗಳ ಕೆಲಸ ಹತ್ತು ಹನ್ನೆರಡು ದಿನಕ್ಕೆ ಇಳಿಯುತ್ತದೆ. ಆದರೆ ನೀರು ಹರಿಯುತ್ತಿರಲೇಬೇಕು. ಹಿರಿಯರು ಕೊಳೆಯುತ್ತದೆ ಅಂದದ್ದು ಕೆರೆಯ ನೀರು ನೋಡಿ. ಅಷ್ಟರ ಮಟ್ಟಿಗೆ ಅವರ ಮಾತು ಸರಿ. ನಮ್ಮ ಮಲೆನಾಡಿನಲ್ಲಿ ಹರಿಯುವ ನೀರಿಗೆ ಬರವಿಲ್ಲ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ಜನವರಿಯವರೆಗೂ ನೀರು ಹರಿಯುತ್ತದೆ. ತೋಟದವರ ಜೊತೆ ಮಾಡಿಕೊಂಡ ಒಪ್ಪಂದ ಇಷ್ಟೇ: ಕಾಲುವೆ ಅವರದು, ಕೊಯ್ಲಿಗೆ ಮುಂಚೆ ಅವರ ಮನೆಯ ಹಳೆ ಬುಟ್ಟಿಗಳಿಗೆಲ್ಲ ಬಾಯಿಕಟ್ಟು ಹೊಸದಾಗಿ ಹಾಕಿಕೊಡುವುದು ನನ್ನದು. ದುಡ್ಡಿನ ಮಾತೇ ಬರಲಿಲ್ಲ. ಈಗ ಕೇರಿಯ ನಾಲ್ಕು ಮನೆಯವರು ಅದೇ ಕಾಲುವೆಯಲ್ಲಿ ನೆನೆಸುತ್ತಾರೆ, ಕಟ್ಟುಗಳಿಗೆ ಬೇರೆ ಬೇರೆ ಬಣ್ಣದ ದಾರದ ಗುರುತು. ಬೇಡ ಅಂದವರ ಕಟ್ಟೂ ಅದರಲ್ಲಿದೆ. ಗಳ ತರುವ ಗಾಡಿ ಬಾಡಿಗೆಯೂ ನಾಲ್ಕು ಪಾಲಾಗಿ, ನನ್ನ ತಲೆಗೆ 1,200 ಬೀಳುತ್ತಿದ್ದದ್ದು 300ಕ್ಕೆ ಬಂತು.

ಗಳದ ಆಯ್ಕೆಯಲ್ಲಿ ಎಡವಿದರೆ ನೀರು ಏನೂ ಮಾಡಲಾರದು. ಆ ವರ್ಷದ ಗಳ ಬೇಡ, ಅದರಲ್ಲಿ ನೀರು ಜಾಸ್ತಿ, ಒಣಗಿದರೆ ಸುಕ್ಕುಗಟ್ಟುತ್ತದೆ. ನಾಲ್ಕು ವರ್ಷ ದಾಟಿದ್ದು ಬಾಗಿಸುವಾಗ ಸಿಡಿಯುತ್ತದೆ. ಎರಡು, ಮೂರನೇ ವರ್ಷದ್ದು ಸರಿ. ಮಳೆ ನಿಂತ ಮೇಲೆ, ಕಳಲೆ ಎದ್ದು ಬೆಳೆದು ಮುಗಿದ ನಂತರ ಕಡಿಯಬೇಕು. ಬೇಸಿಗೆಯಲ್ಲಿ ಕಡಿದರೆ ಮೆಳೆ ಮುಂದಿನ ಕಳಲೆಗೆಂದು ಕೂಡಿಟ್ಟ ಗಂಜಿಯೆಲ್ಲ ಗಳದಲ್ಲೇ ಇರುತ್ತದೆ, ಹುಳುವಿಗೆ ಬೇಕಾದ್ದೂ ಅದೇ. ಕಡಿದ ಗಳವನ್ನು ಎಲೆ ಸವರದೆ ಮೆಳೆಗೇ ಒರಗಿಸಿ, ಬುಡ ಕಲ್ಲಿನ ಮೇಲಿಟ್ಟು, ಹತ್ತು ದಿನ ನಿಲ್ಲಿಸುತ್ತೇನೆ. ಎಲೆ ಒಣಗುವವರೆಗೂ ಒಳಗಿನ ರಸ ಎಳೆದುಕೊಳ್ಳುತ್ತದೆ. 2017ರಲ್ಲಿ ಅರಣ್ಯ ಕಾಯ್ದೆ ತಿದ್ದುಪಡಿಯಾಗಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಲೆಕ್ಕದಿಂದ ಬಿಟ್ಟ ಮೇಲೆ ರೈತರ ಬೇಲಿಯ ಮೆಳೆಯಿಂದ ತರುವುದು ಸಲೀಸಾಗಿದೆ. ಹಾಗಾಗಿ ಹತ್ತು ದಿನ ಕಾಯುವಷ್ಟು ಸಮಾಧಾನವೂ ಬಂದಿದೆ.

ಸೀಳುವಾಗ ಮೇಲುಪದರ, ಒಳಪದರ ಬೇರೆ ಮಾಡಬೇಡಿ. ಬೆರಳಗಲದ ದಬ್ಬೆಯಾಗಿಯೇ ನೆನೆಯಲಿ, ಪದರ ಎಬ್ಬಿಸುವುದು ಆಮೇಲೆ. ತೆಳು ಎಳೆ ಮಾಡಿ ನೆನೆಸಿ ನೋಡಿದ್ದೇನೆ, ಆರನೇ ದಿನಕ್ಕೇ ನಾರು ಬಿಟ್ಟುಕೊಂಡು ಅಂಚೆಲ್ಲ ಗುಂಗುರಾಯಿತು. ಒಂದು ಕಟ್ಟಿಗೆ 25, 30 ದಬ್ಬೆ ಸಾಕು. ಬಿಗಿಯಾಗಿ ಕಟ್ಟಿದರೆ ನಡುವಿನವಕ್ಕೆ ನೀರು ಮುಟ್ಟುವುದಿಲ್ಲ. ಕಟ್ಟಿನೊಳಗೆ ಎರಡು ಕಡೆ ಅಡ್ಡಕಡ್ಡಿ ತೂರಿಸಿ ಸಡಿಲ ಬಿಡಬೇಕು. ಕಟ್ಟಿನ ತುದಿ ಹರಿವಿಗೆ ಎದುರಾಗಿರಲಿ, ಅಡ್ಡ ಇಟ್ಟರೆ ಕಸ ಸಿಕ್ಕಿ ಅಲ್ಲೇ ನೀರು ನಿಲ್ಲುತ್ತದೆ. ನಾಲ್ಕನೇ ದಿನದಿಂದ ಹುಳಿ ವಾಸನೆ ಏಳುತ್ತದೆ. ಹೆದರಬೇಡಿ, ಕೆಲಸ ಆಗುತ್ತಿದೆ ಎಂದೇ ಅರ್ಥ. ಎಂಟನೇ ದಿನಕ್ಕೆ ಒಮ್ಮೆ ಮಗುಚಿ ಹಾಕಬೇಕು. ಎತ್ತುವ ದಿನ ಯಾವುದೆಂದು ದಬ್ಬೆಯನ್ನು ಕೈಯಲ್ಲಿ ಹಿಡಿದೇ ಹೇಳುತ್ತೇನೆ. ಆ ಗುರುತು ನನ್ನ ಹತ್ತಿರವೇ ಇರಲಿ, ಅದೇ ನನ್ನ ಅನ್ನ.

ಗುರುತು ತಿಳಿಯದವರಿಗೆ ಬೇರೆ ಉಪಾಯವಿದೆ. ಮೆಡಿಕಲ್ ಅಂಗಡಿಯ ಅಯೋಡಿನ್ ಔಷಧಿಯನ್ನು ಹೊಸದಾಗಿ ಕಡಿದ ತುದಿಗೆ ಒಂದು ಹನಿ ಬಿಡಿ. ಗಂಜಿಯಿದ್ದರೆ ಕಪ್ಪುನೀಲಿಯಾಗುತ್ತದೆ. ನೆನೆಸದ ದಬ್ಬೆ ಶಾಯಿ ಚೆಲ್ಲಿದಂತಾಯಿತು, ಹನ್ನೆರಡು ದಿನದ್ದು ಕಂದು ಬಣ್ಣದಲ್ಲೇ ಉಳಿಯಿತು. ಅಮಾವಾಸ್ಯೆ ಹತ್ತಿರ ಕಡಿದರೆ ಒಳ್ಳೆಯದು ಎಂಬ ಮಾತಿದೆ. ಹಾಗೆ ಕಡಿದ ಗಳಕ್ಕೂ ಹುಣ್ಣಿಮೆಯಲ್ಲಿ ಕಡಿದದ್ದಕ್ಕೂ ಇದನ್ನೇ ಮಾಡಿ ನೋಡಿದೆ. ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಜನವರಿ, ಏಪ್ರಿಲ್ ಗಳಗಳ ನಡುವೆ ಮಾತ್ರ ಎದ್ದು ಕಂಡಿತು. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರನ್ನೂ ಒಂದು ಕಟ್ಟಿಗೆ ಹಾಕಿದ್ದೆ. ಕುಟ್ಟೆ ಬರಲಿಲ್ಲ, ನಿಜ. ಆದರೆ ಮಳೆಗೆ ನೆನೆಯುವ ಬುಟ್ಟಿಯಲ್ಲಿ ಅದು ತೊಳೆದು ಹೋಗುತ್ತದೆ, ಅಕ್ಕಿ ಕೇರುವ ಮೊರಕ್ಕೆ ಅದನ್ನು ಹಾಕಲು ಮನಸ್ಸು ಒಪ್ಪುವುದಿಲ್ಲ. ಮೊರಕ್ಕೆ ಮೆಂತ್ಯ ಅರೆದು ಬಳಿಯುವುದೇ ಇವತ್ತಿಗೂ ಮೇಲು.

ಎರಡನೇ ವರ್ಷದ ತಪ್ಪು ಹೆಣೆಯುವಾಗ ಆಯಿತು. ಕಾಲುವೆಯಿಂದ ಎತ್ತಿದ ಸಂಜೆಯೇ ಹೆಣೆದೆ, ಎಳೆಗಳು ಬೆಣ್ಣೆಯಂತೆ ಬಾಗಿದವು, ಕೈಗೆ ಬಹಳ ಸುಖ. ವಾರದಲ್ಲಿ ಒಣಗಿ ಕುಗ್ಗಿ, ಎಳೆ ಎಳೆಯ ನಡುವೆ ಕಿರುಬೆರಳು ಹೋಗುವಷ್ಟು ಸಂದಿ. ಮೂವತ್ತು ಬುಟ್ಟಿಯೂ ಹಾಗೆಯೇ. ಈಗ ಎತ್ತಿದ ದಬ್ಬೆಯನ್ನು ನೆರಳಲ್ಲಿ ಎರಡು ದಿನ ಆರಿಸುತ್ತೇನೆ. ಬಿಸಿಲಿಗೆ ಹಾಕಿದರೆ ಅಂಚು ಸುರುಳಿಯಾಗುತ್ತದೆ. ಆಮೇಲೆ ಪದರ ಎಬ್ಬಿಸಿ, ಹೆಣೆಯುವ ಮುಂಚೆ ಒದ್ದೆ ಗೋಣಿಚೀಲದಲ್ಲಿ ಅರ್ಧ ಗಂಟೆ ಸುತ್ತಿಟ್ಟರೆ ಬಾಗುವಷ್ಟು ಹದ ಬರುತ್ತದೆ, ಕುಗ್ಗುವಷ್ಟು ನೀರಿರುವುದಿಲ್ಲ. ಪ್ರತಿ ನಾಲ್ಕು ಸುತ್ತಿಗೊಮ್ಮೆ ಮಚ್ಚಿನ ಹಿಂಬದಿಯಿಂದ ತಟ್ಟಿ ಕೂರಿಸಬೇಕು. ನಿಲುವು ಕಡ್ಡಿಗೆ ಮೇಲುಪದರವೇ ಇರಲಿ, ಒಳಪದರವನ್ನು ಸುತ್ತಿನ ಎಳೆಗೆ ಮಾತ್ರ ಬಳಸಿ. ಒಂದೇ ಎಳೆಯಲ್ಲಿ ಸುತ್ತುವುದಾದರೆ ಕಡ್ಡಿ ಬೆಸಸಂಖ್ಯೆಯಲ್ಲಿರಬೇಕೆಂಬುದು ನಿಮಗೆ ಗೊತ್ತೇ ಇದೆ. ನಾನು ಗೊಬ್ಬರದ ಬುಟ್ಟಿಗೆ 17 ಹಾಕುತ್ತೇನೆ.

ಒಂದು ಗಳಕ್ಕೆ ಎರಡು, ಕೆಲವೊಮ್ಮೆ ಮೂರು ಬುಟ್ಟಿ. ಮೊದಲು 180ಕ್ಕೆ ಕೊಡುತ್ತಿದ್ದೆ, ಈಗ 260 ಅಂದರೂ ತೋಟದವರು ಚೌಕಾಸಿ ಮಾಡುವುದಿಲ್ಲ. ಎರಡು ವರ್ಷದೊಳಗೆ ಹಿಟ್ಟು ಉದುರಿದರೆ ಬದಲಿ ಬುಟ್ಟಿ ಕೊಡುತ್ತೇನೆಂದು ಹೇಳಿದ್ದೇನೆ. ಇದುವರೆಗೆ ವಾಪಸ್ಸು ಬಂದದ್ದು ಎರಡೇ, ಎರಡನ್ನೂ ಇಲಿ ಕಡಿದಿತ್ತು. ಪ್ಲಾಸ್ಟಿಕ್ ಬುಟ್ಟಿಗೆ ಹೋಗಿದ್ದ ಏಳೆಂಟು ಮನೆಯವರು ತಿರುಗಿ ಬಂದಿದ್ದಾರೆ. ಬೇಯಿಸಿದ ಅಡಿಕೆ ಬಸಿಯಲು ಬಿಸಿಗೆ ಮೆತ್ತಗಾಗದ ಬುಟ್ಟಿಯೇ ಬೇಕು ಅನ್ನುತ್ತಾರೆ.

ಈ ಸಲ ವಾಟೆಬಿದಿರನ್ನು ಹಾಕಿದ್ದೇನೆ. ಗೋಡೆ ತೆಳು, ಗೆಣ್ಣಿನ ಅಂತರ ಉದ್ದ, ಮೊರಕ್ಕೆ ಹೇಳಿ ಮಾಡಿಸಿದ್ದು. ಅದಕ್ಕೆ ಹನ್ನೆರಡು ದಿನ ಬೇಕಾಗಲಾರದು. ಆರು ದಿನದ ಒಂದು ಕಟ್ಟು, ಎಂಟು ದಿನದ ಒಂದು ಕಟ್ಟು ಬೇರೆ ಬೇರೆ ಇಟ್ಟಿದ್ದೇನೆ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಯಾವುದಕ್ಕೆ ಕುಟ್ಟೆ ಬಂತು ಎಂದು ಬರೆಯುತ್ತೇನೆ.