ಸಂಘದ ಖರ್ಚು ಯಾರ ಲೆಕ್ಕಕ್ಕೆ?

2024ರ ಲೋಕಸಭಾ ಚುನಾವಣೆಯಲ್ಲಿ ನನ್ನನ್ನು ವಿಡಿಯೊ ನೋಡುವ ತಂಡಕ್ಕೆ ಹಾಕಿದ್ದರು. ಪ್ರಚಾರ ಸಭೆಗಳ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಕುರ್ಚಿ, ಶಾಮಿಯಾನ, ಮೈಕ್, ಊಟ ಎಲ್ಲಕ್ಕೂ ದರಪಟ್ಟಿ ಪ್ರಕಾರ ಲೆಕ್ಕ ಹಾಕಿ ಶ್ಯಾಡೋ ರಿಜಿಸ್ಟರ್‌ಗೆ, ಅಂದ್ರೆ ಅಭ್ಯರ್ಥಿಯ ಖರ್ಚನ್ನು ಚುನಾವಣಾ ಸಿಬ್ಬಂದಿಯೇ ಪ್ರತ್ಯೇಕವಾಗಿ ಬರೆದಿಡುವ ಪುಸ್ತಕಕ್ಕೆ, ಕೊಡಬೇಕು. ಕರ್ನಾಟಕದಲ್ಲಿ ಆಗ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ ರೂಪಾಯಿ. ಪಕ್ಷದ ಸಭೆಗಳಲ್ಲಿ ತೊಂದರೆ ಇರಲಿಲ್ಲ. ತಲೆ ಕೆಡಿಸಿದ್ದು ಸಂಘಗಳು.

ಒಂದು ಸಂಘದವರು 'ಕುಟುಂಬ ಮಿಲನ' ಮಾಡಿದ್ದರು. ಬ್ಯಾನರ್‌ನಲ್ಲಿ ಪಕ್ಷದ ಚಿಹ್ನೆ ಇಲ್ಲ. "ಅದು ಸಂಘದ ಕಾರ್ಯಕ್ರಮ ಸಾರ್, ನಮಗೂ ಅದಕ್ಕೂ ಸಂಬಂಧ ಇಲ್ಲ" ಅಂದರು ಅಭ್ಯರ್ಥಿಯ ಏಜೆಂಟ್. ಬಂದವರು ಇನ್ನೂರು ಜನ ಅಂತ ಸಂಘದ ಪತ್ರ ಬೇರೆ. ವಿಡಿಯೊ ಮತ್ತೆ ಹಾಕಿದೆವು. ಕ್ಯಾಮೆರಾ ಹಿಂದಕ್ಕೆ ತಿರುಗಿದ ಕಡೆ ನಿಲ್ಲಿಸಿದೆ. ಸಾಲಿಗೆ 22 ಕುರ್ಚಿ, 28 ಸಾಲು. ಸ್ವಲ್ಪ ಮುಂದೆ ಅಭ್ಯರ್ಥಿಯೇ ವೇದಿಕೆ ಹತ್ತಿ ಕೈ ಮುಗಿದರು. ಪ್ರತಿ ಕುರ್ಚಿ ಮೇಲೂ ಅವರ ಫೋಟೊ ಇದ್ದ ಕರಪತ್ರ!

ಕರಪತ್ರ ಸಿಕ್ಕಿದರೆ ನಾನು ಮೊದಲು ನೋಡೋದು ಕೆಳಗಿನ ಸಣ್ಣ ಅಕ್ಷರ. ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 127ಎ ಪ್ರಕಾರ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರೆಸ್‌ನವರು ಕೊಟ್ಟ ಘೋಷಣೆಯಲ್ಲಿ ಎಷ್ಟು ಪ್ರತಿ, ಯಾರು ಹಾಕಿಸಿದ್ದು ಎಲ್ಲಾ ಸಿಕ್ಕಿತು.

ಏಜೆಂಟ್‌ಗೆ ನೇರವಾಗಿ ಕೇಳಿದೆವು: ಲಿಖಿತ ಒಪ್ಪಿಗೆ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಖರ್ಚು ನಿಮ್ಮದು. ಇಲ್ಲ ಅಂದ್ರೆ ಒಪ್ಪಿಗೆ ಇಲ್ಲದೆ ಅಭ್ಯರ್ಥಿ ಪರ ಖರ್ಚು ಮಾಡಿದ್ದಕ್ಕೆ ಸಂಘದ ಮೇಲೆ ಐಪಿಸಿ 171ಎಚ್ ಕೇಸು. ಅಭ್ಯರ್ಥಿ ವೇದಿಕೆ ಮೇಲೇ ಇದ್ದರಲ್ಲ, ಜಾಸ್ತಿ ವಾದ ನಡೆಯಲಿಲ್ಲ. ನೋಟಿಸ್ ಹೋಯಿತು, ಹಾಲ್ ಬಾಡಿಗೆ, ಊಟ, ಕರಪತ್ರ ಎಲ್ಲವೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿತು.

ಅಭ್ಯರ್ಥಿ ಬಾರದೇ ಇದ್ದಿದ್ದರೆ? 171ಎಚ್‌ನ ದಂಡ ಆಗ ಹೆಚ್ಚೆಂದರೆ ಬರೀ 500 ರೂಪಾಯಿ. ಅದೇ ವರ್ಷ ಜುಲೈನಲ್ಲಿ ಐಪಿಸಿ ಬದಲು ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಅದನ್ನು ಹತ್ತು ಸಾವಿರಕ್ಕೆ ಏರಿಸಿದೆ. ಆರುನೂರು ಜನರಿಗೆ ಊಟ ಹಾಕಿಸುವವರಿಗೆ ಅದೇನು ಭಾರವಾ? ಬ್ರಿಟನ್ನಿನಲ್ಲಿ ಪ್ರಚಾರಕ್ಕೆ ಒಂದು ಮೊತ್ತಕ್ಕಿಂತ ಹೆಚ್ಚು ಖರ್ಚು ಮಾಡುವ ಸಂಘ ಚುನಾವಣಾ ಆಯೋಗದಲ್ಲಿ ನೋಂದಾಯಿಸಿಕೊಳ್ಳಬೇಕು. ನಮಗೂ ಅಂಥದ್ದು ಬೇಕೇ ಬೇಕು. ಈಗ ಅಭ್ಯರ್ಥಿ ಕಡೆಯಿಂದ ಮಾತ್ರ ಸಂಘವನ್ನು ಹಿಡಿಯೋಕೆ ಆಗುತ್ತದೆ.

ಮತದಾನಕ್ಕೆ ಮೂರು ದಿನ ಇರುವಾಗ ಇನ್ನೊಂದು ಕರಪತ್ರ ಬಂತು. 'ಇವರಿಗೆ ಓಟು ಹಾಕಬೇಡಿ' ಅಂತ. ಕೆಳಗೆ ನೋಡಿದೆ, ಯಾರ ಹೆಸರೂ ಇಲ್ಲ. ಊರಿನ ಪ್ರೆಸ್‌ಗಳನ್ನೆಲ್ಲ ಸುತ್ತಿದೆವು. ಅದರ ಖರ್ಚು ಬರೆಯೋಕೆ ರಿಜಿಸ್ಟರ್‌ನಲ್ಲಿ ಜಾಗವೇ ಇರಲಿಲ್ಲ.