ಟ್ಯಾಗ್ ಇಲ್ಲದೆ ಬೀಟಾ 42: ನನ್ನ ಅನುಭವ

ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿ ತಂತುಗಳಾಗಿ ಶೇಖರವಾಗುವ ಪೆಪ್ಟೈಡ್ ಅಮಿಲಾಯ್ಡ್ ಬೀಟಾ 42 ಅನ್ನು ಯಾವ ಟ್ಯಾಗ್‌ನ (ಶುದ್ಧೀಕರಣಕ್ಕೆ ನೆರವಾಗಲೆಂದು ಜೋಡಿಸುವ ಹೆಚ್ಚುವರಿ ತುಣುಕು) ಆಸರೆಯೂ ಇಲ್ಲದೆ ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸುತ್ತೇನೆ ಎಂದಾಗ ನಮ್ಮ ಗುಂಪಿನ ಸಭೆಯಲ್ಲಿ ಯಾರೂ ಒಪ್ಪಲಿಲ್ಲ. ಅಷ್ಟು ಚಿಕ್ಕ ಪೆಪ್ಟೈಡನ್ನು ಬ್ಯಾಕ್ಟೀರಿಯಾ ಉಳಿಸುವುದಿಲ್ಲ ಎಂದರು ಒಬ್ಬರು. ಉಳಿದರೂ ಗಂಟುಕಟ್ಟಿ ಕೈಗೆ ಹತ್ತುವುದಿಲ್ಲ ಎಂದರು ಇನ್ನೊಬ್ಬರು. ವಿಧಾನದ ಮೂಲ ಚೌಕಟ್ಟು 2009ರಲ್ಲೇ ಪ್ರಕಟವಾಗಿತ್ತು. ಓದಿದವರು ಹಲವರು, ಮಾಡಿ ನೋಡಿ ಅರ್ಧಕ್ಕೆ ಬಿಟ್ಟವರೂ ಹಲವರು. ನನಗೆ ಅದು ಕೈಹತ್ತಲು ಹೆಚ್ಚುಕಡಿಮೆ ಒಂದೂವರೆ ವರ್ಷ ಬೇಕಾಯಿತು. ಈಗ ನನ್ನ ಮೂರು ಬೇರೆ ಬೇರೆ ತಯಾರಿಕೆಗಳ ಥಯೋಫ್ಲೇವಿನ್ (ತಂತುಗಳಿಗೆ ಅಂಟಿ ಹೊಳೆಯುವ ಬಣ್ಣ) ರೇಖೆಗಳು ಒಂದರ ಮೇಲೊಂದು ಕೂರುತ್ತವೆ. ಆದ್ದರಿಂದ ಬರೆಯುವ ಧೈರ್ಯ ಬಂದಿದೆ.

ಹಣದ ಮಾತನ್ನು ಮೊದಲೇ ಮುಗಿಸುತ್ತೇನೆ. ಮೊದಲು ನಾವು ಸಂಶ್ಲೇಷಿತ ಪೆಪ್ಟೈಡನ್ನೇ ಕೊಳ್ಳುತ್ತಿದ್ದೆವು. ಒಂದೊಂದು ಮಿಲಿಗ್ರಾಂ ಸೀಸೆ ಬಂದಾಗಲೂ ಎದೆ ಹಿಡಿದುಕೊಂಡು ತೆರೆಯುವ ಪರಿಸ್ಥಿತಿ. ಒಂದು ಬ್ಯಾಚ್ ನಲವತ್ತು ನಿಮಿಷಕ್ಕೆ ತಂತುಗಟ್ಟಿದರೆ, ಅದೇ ಸಾಂದ್ರತೆಯಲ್ಲಿ ಮುಂದಿನದು ನಾಲ್ಕು ಗಂಟೆ ಸುಮ್ಮನೆ ಕೂರುತ್ತಿತ್ತು. ಜೋಡಣೆಯಲ್ಲಿ ಒಂದು ಅಮೈನೋ ಆಮ್ಲ ತಪ್ಪಿದ ಅಣುಗಳು ಶೇಕಡಾ ಒಂದೆರಡು ಇದ್ದರೂ ಸಾಕು, ಈ ಪೆಪ್ಟೈಡಿನ ವೇಗ ಏರುಪೇರಾಗುತ್ತದೆ. ಎರಡು ಸೀಸೆಗಳ ಬೆಲೆಯಲ್ಲಿ ನನ್ನ ಹತ್ತು ಲೀಟರ್ ಮಾಧ್ಯಮ, ಯೂರಿಯಾ, ಡಿಇಎಇ ರಾಳ (ಋಣ ಆವೇಶದ ಅಣುಗಳನ್ನು ಹಿಡಿಯುವಂಥದು) ಎಲ್ಲ ಬಂದು ಮಿಕ್ಕುತ್ತದೆ. ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಕಾಲಮ್‌ನ ಖರ್ಚು ಬೇರೆ. ಅದು ನಮ್ಮಲ್ಲಿ ಮೊದಲೇ ಇತ್ತು.

ಮೊದಲ ನಾಲ್ಕು ತಿಂಗಳು ಸಂಯೋಜಿತ ಪ್ರೋಟೀನಿನ ದಾರಿಯಲ್ಲಿ ಹೋದವು. ಕರಗುವ ದೊಡ್ಡ ಜೊತೆಗಾರ, ನಡುವೆ ಟಿಇವಿ ಎಂಬ ಕಿಣ್ವ ಕತ್ತರಿಸುವ ಜಾಗ. ಇಳುವರಿ ನೋಡಲು ಸೊಗಸು. ಆದರೆ ಬೀಟಾ 42 ಆರಂಭವಾಗುವುದು ಆಸ್ಪಾರ್ಟೇಟ್‌ನಿಂದ; ಅದರ ಮುಂದೆ ಕತ್ತರಿಸಲು ಟಿಇವಿ ಬಹಳ ನಿಧಾನಿಸುತ್ತದೆ. ರಾತ್ರಿಯಿಡೀ ಬಿಟ್ಟರೆ ಕತ್ತರಿಸಿದ ಭಾಗ ಬೆಳಗಾಗುವಷ್ಟರಲ್ಲಿ ತಂತುವಾಗಿರುತ್ತಿತ್ತು. ತಳದಲ್ಲಿ ಬಿಳಿ ಕೆಸರು, ಮೇಲೆ ಬರೀ ಜೊತೆಗಾರ. ಇಷ್ಟಾದ ಮೇಲೆ ಟ್ಯಾಗ್‌ನ ಆಸೆ ಬಿಟ್ಟೆ.

ಟ್ಯಾಗ್ ಇಲ್ಲದಾಗ ಮುಂದೆ ಒಂದು ಮೆಥಿಯೋನಿನ್ ಉಳಿಯುತ್ತದೆ. ಎರಡನೆಯದು ಆಸ್ಪಾರ್ಟೇಟ್ ಆಗಿರುವುದರಿಂದ ಬ್ಯಾಕ್ಟೀರಿಯಾದ ಕಿಣ್ವ ಅದನ್ನು ತೆಗೆಯುವುದಿಲ್ಲ. ತೂಕ ಸುಮಾರು 4645 ಡಾಲ್ಟನ್. ಇದನ್ನು ಮುಚ್ಚಿಡದೆ ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ.

ಈ. ಕೋಲಿಯ ಬಿಎಲ್21 ಡಿಇ3 ತಳಿ, 37 ಡಿಗ್ರಿ, ಕೋಶಗಳ ದ್ಯುತಿ ಸಾಂದ್ರತೆ 0.6 ದಾಟಿದಾಗ ಪೆಪ್ಟೈಡ್ ತಯಾರಿಕೆಗೆ ಚಾಲನೆ ಕೊಡುವ ಐಪಿಟಿಜಿ, ನಂತರ ಮೂರೂವರೆ ಗಂಟೆ. ತಂಪಿನಲ್ಲಿ ನಿಧಾನವಾಗಿ ಬೆಳೆಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಇಲ್ಲಿ ಅದನ್ನು ಕೇಳಬೇಡಿ. ನಮಗೆ ಇನ್‌ಕ್ಲೂಷನ್ ಬಾಡಿಯೇ (ಕೋಶದೊಳಗೆ ಕರಗದೆ ಕೂಡಿದ ಗಂಟು) ಬೇಕು. 18 ಡಿಗ್ರಿಯಲ್ಲಿ ಬೆಳೆಸಿದ ಬ್ಯಾಚ್‌ನಲ್ಲಿ ಜೆಲ್ ಮೇಲೆ ಪಟ್ಟಿಯೇ ಕಾಣಲಿಲ್ಲ. ಗಂಟುಕಟ್ಟದೆ ಕರಗಿ ಉಳಿದದ್ದನ್ನು ಪ್ರೋಟಿಯೇಸ್‌ಗಳು ಮುಗಿಸಿದ್ದವು ಎಂಬುದು ನನ್ನ ನಂಬಿಕೆ. ಕೋಶಗಳನ್ನು ಮಂಜುಗಡ್ಡೆಯ ಮೇಲೆ ಸೋನಿಕೇಟ್ ಮಾಡಿ, ಸೆಂಟ್ರಿಫ್ಯೂಜ್ ಮಾಡಿ, ಕೆಳಗೆ ಕೂತದ್ದನ್ನು ಮತ್ತೆ ಟ್ರಿಸ್‌ನಲ್ಲಿ ಕದಡಿ, ಹೀಗೆ ಮೂರು ಸಲ ತೊಳೆದ ಮೇಲೆ ಗಂಟನ್ನು ಕರಗಿಸಲು 8 ಮೋಲಾರ್ ಯೂರಿಯಾ.

ಯೂರಿಯಾದಲ್ಲಿ ನಾನು ಕಳೆದುಕೊಂಡಷ್ಟು ದಿನ ಬೇರೆಲ್ಲೂ ಕಳೆದುಕೊಂಡಿಲ್ಲ. ಹೊರಗಿಟ್ಟ, ವಾರ ಕಳೆದ ದ್ರಾವಣವನ್ನು ಬಳಸಿದೆ. ಜೆಲ್ ಚೆನ್ನಾಗಿತ್ತು, ಕಾಲಮ್‌ನಲ್ಲಿ ಒಂದೇ ಶಿಖರ. ಮಾಸ್ ಸ್ಪೆಕ್ಟ್ರಮ್ ತೆಗೆದರೆ ಮುಖ್ಯ ಶಿಖರದ ಪಕ್ಕದಲ್ಲಿ 43 ಡಾಲ್ಟನ್ ಹೆಚ್ಚಿನದೊಂದು, ಅದರಾಚೆ 86 ಹೆಚ್ಚಿನದು ಮತ್ತೊಂದು. ಹಳೆಯ ಯೂರಿಯಾದಲ್ಲಿ ಹುಟ್ಟಿದ ಸಯನೇಟ್ ಲೈಸಿನ್‌ಗಳಿಗೂ ಪೆಪ್ಟೈಡಿನ ತುದಿಗೂ ಅಂಟಿತ್ತು. ಆರು ಲೀಟರ್‌ನ ಶ್ರಮ ಚರಂಡಿ ಸೇರಿತು. ಅಂದಿನಿಂದ ಯೂರಿಯಾವನ್ನು ಬಳಸುವ ದಿನವೇ ಕರಗಿಸುತ್ತೇನೆ, ಎಂದೂ ಬಿಸಿ ಮಾಡುವುದಿಲ್ಲ.

ಮುಂದೆ ಡಿಇಎಇ. ಇದನ್ನು ಕಾಲಮ್‌ಗೆ ತುಂಬಬೇಡಿ. ಪೆಪ್ಟೈಡ್ ಮೇಲಿನ ಪದರದಲ್ಲೇ ದಟ್ಟವಾಗಿ ಕೂತು ಅಲ್ಲೇ ತಂತುಗಟ್ಟಲು ತೊಡಗುತ್ತದೆ. ಬೀಕರ್‌ನಲ್ಲಿ ರಾಳದೊಂದಿಗೆ ಮೆಲ್ಲನೆ ಕಲಕಿ, ಬುಕ್ನರ್ ಫನೆಲ್ ಮೇಲೆ ಸೋಸಿ, ಉಪ್ಪನ್ನು ಹಂತಹಂತವಾಗಿ ಏರಿಸಿ. ನನಗೆ ಹೆಚ್ಚಿನ ಪಾಲು 50ರಿಂದ 125 ಮಿಲಿಮೋಲಾರ್ ನಡುವೆ ಬರುತ್ತದೆ. ರಾಳವನ್ನು ಮೊದಲೇ ಹೇಗೆ ಹದಗೊಳಿಸುತ್ತೇನೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ಇಳುವರಿ ಹೆಚ್ಚುಕಡಿಮೆ ಇಮ್ಮಡಿಯಾದದ್ದು ಅದರಿಂದಲೇ, ನಮ್ಮ ಪ್ರಬಂಧ ಹೊರಬಂದ ಮೇಲೆ ಅದೂ ಸಿಗುತ್ತದೆ. ಡಯಾಲಿಸಿಸ್ (ಪೊರೆಯ ಮೂಲಕ ಸಣ್ಣ ಅಣುಗಳನ್ನು ಹೊರಹಾಕುವುದು) ಬಗ್ಗೆ ಒಂದೇ ಮಾತು: 3.5 ಕಿಲೋಡಾಲ್ಟನ್ ಪೊರೆಯನ್ನು ನಂಬಿ ಮೂರನೆಯ ಒಂದು ಪಾಲು ಪೆಪ್ಟೈಡನ್ನು ಹೊರಗಿನ ಬಫರ್‌ಗೆ ದಾನ ಮಾಡಿದ್ದೇನೆ.

ಲೀಟರಿಗೆ ಸುಮಾರು ಒಂಬತ್ತು ಮಿಲಿಗ್ರಾಂ ಈ ಹಂತದಲ್ಲಿ, ಗಾತ್ರದ ಕಾಲಮ್ ದಾಟಿದ ಮೇಲೆ ಮೂರು ಅಥವಾ ಮೂರೂವರೆ. ಪ್ರಯೋಗದ ದಿನವೇ ಒಣಗಿಸಿಟ್ಟ ಪೆಪ್ಟೈಡ್ ಪುಡಿಯನ್ನು ಗಂಟು ಬಿಡಿಸುವ 6 ಮೋಲಾರ್ ಗ್ವಾನಿಡೀನ್‌ನಲ್ಲಿ ಕರಗಿಸಿ, ಪಿಎಚ್ 8ರ ಫಾಸ್ಫೇಟ್‌ನಲ್ಲಿ ಮತ್ತೊಮ್ಮೆ ಕಾಲಮ್ ದಾಟಿಸುತ್ತೇನೆ. ಶಿಖರದ ನಡುಭಾಗವನ್ನಷ್ಟೇ ಮಂಜುಗಡ್ಡೆಯಲ್ಲಿಟ್ಟ ಟ್ಯೂಬಿಗೆ ಹಿಡಿಯುತ್ತೇನೆ, ಅಂಚುಗಳ ಮೇಲೆ ಆಸೆ ಇಟ್ಟುಕೊಳ್ಳುವುದಿಲ್ಲ. ಒಂದು ಕಾಲದಲ್ಲಿ ರೇಖೆಗಳು ಕಾರಣವಿಲ್ಲದೆ ಬೇಗ ಏರುತ್ತಿದ್ದವು. ಎರಡು ತಿಂಗಳು ಪೆಪ್ಟೈಡನ್ನು ದೂರಿದ ಮೇಲೆ ತಿಳಿಯಿತು, ಹಿಂದಿನ ಪ್ರಯೋಗದ ತಂತುಚೂರುಗಳು ಕಾಲಮ್‌ನಲ್ಲೇ ಕೂತು ಬೀಜವಾಗುತ್ತಿದ್ದವು. ಈಗ ಪ್ರತಿ ಸಲ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ತೊಳೆಯುತ್ತೇವೆ.

ನಡುವೆ ಒಂದು ಅಡ್ಡದಾರಿ. ನಮ್ಮ ಉತ್ಸಾಹಿ ವಿದ್ಯಾರ್ಥಿನಿಯೊಬ್ಬಳು ಹಸಿರು ಚಹಾದ ಇಜಿಸಿಜಿ ಎಂಬ ಸಂಯುಕ್ತವನ್ನು ಪೆಪ್ಟೈಡಿಗೆ ಹಾಕಿದಳು. ಥಯೋಫ್ಲೇವಿನ್ ಹೊಳಪು ಪೂರ್ತಿ ಇಳಿಯಿತು, ತಂತುಗಟ್ಟುವುದೇ ನಿಂತಂತೆ ಕಂಡಿತು. ಅವಳ ಸಂಭ್ರಮ ಒಂದು ವಾರ ಇತ್ತು. ತಟ್ಟೆಯಲ್ಲಿದ್ದುದನ್ನು ವೇಗವಾಗಿ ತಿರುಗಿಸಿ ಮೇಲಿನ ದ್ರವವನ್ನು ಅಳೆದಾಗ, ಪೆಪ್ಟೈಡಿನ ದೊಡ್ಡ ಪಾಲು ತಳಕ್ಕೇ ಇಳಿದಿತ್ತು, ಅಂದರೆ ಗಂಟುಕಟ್ಟುವುದು ನಿಂತಿರಲಿಲ್ಲ. ಇಜಿಸಿಜಿ ಥಯೋಫ್ಲೇವಿನ್‌ನ ಹೊಳಪನ್ನೇ ಕೆಡಿಸುತ್ತದೆ. ಆ ವಾರ ವ್ಯರ್ಥವಾಗಲಿಲ್ಲ. ತಳಕ್ಕೆ ಇಳಿಸಿ ಅಳೆಯುವ ಪರೀಕ್ಷೆ ಈಗ ನಮ್ಮಲ್ಲಿ ಪ್ರತಿ ಪ್ರಯೋಗಕ್ಕೂ ಕಡ್ಡಾಯ.

ನೈಟ್ರೋಜನ್ 15ರ ಕನಿಷ್ಠ ಮಾಧ್ಯಮದಲ್ಲಿ ಇಳುವರಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಣುವಿನ ರಚನೆ ನೋಡುವ ಎನ್‌ಎಂಆರ್‌ಗೆ ಅಷ್ಟು ಸಾಕು. ಬೀಟಾ 40 ಅಂತೂ ಮಗುವಿನಷ್ಟು ಸಲೀಸು, ಕೊನೆಯ ಐಸೋಲ್ಯೂಸಿನ್ ಮತ್ತು ಅಲನಿನ್ ಇಲ್ಲದಿರುವುದೇ ಅಷ್ಟು ವ್ಯತ್ಯಾಸ ಮಾಡುತ್ತದೆ.

ಈಗ ಕೈಯಲ್ಲಿರುವುದು ಆರ್ಕ್ಟಿಕ್ ರೂಪಾಂತರ, 22ನೆಯ ಗ್ಲುಟಮೇಟ್ ಜಾಗದಲ್ಲಿ ಗ್ಲೈಸಿನ್. ಒಂದು ಋಣ ಆವೇಶ ಕಡಿಮೆಯಾದ್ದರಿಂದ ರಾಳದ ಹಿಡಿತ ಸಡಿಲ, ತೊಳೆಯುವಾಗಲೇ ಜಾರಿಹೋಗುತ್ತದೆ. ತೊಳೆಯುವ ಬಫರ್‌ನಲ್ಲಿ ಉಪ್ಪನ್ನು ಪೂರ್ತಿ ಕೈಬಿಟ್ಟು ನೋಡಿದೆ, ಮೊನ್ನೆಯ ಬ್ಯಾಚ್‌ನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಉಳಿಯಿತು. ಎರಡು ಆಗುವವರೆಗೆ ಇದನ್ನು ಬಿಡುವುದಿಲ್ಲ.