ಮೋರೇರ ಬೆಟ್ಟದ ಲೇಖನ ಕನ್ನಡಕ್ಕೆ ಬಂದ ದಾರಿ

ಗಂಗಾವತಿ ಸಮೀಪದ ಹಿರೇಬೆಣಕಲ್ ಬೆಟ್ಟದ ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ. ಊರವರು ಅವನ್ನು ಮೋರೇರ ಮನೆಗಳು ಎನ್ನುತ್ತಾರೆ. ನಿಜಾಮರ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1835ರಲ್ಲಿ ಇವುಗಳ ಬಗ್ಗೆ ಬರೆದ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಈ ನೆಲೆ ಸೇರಿತು. ನಾನು ಇಲ್ಲಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಮೂರು ವರ್ಷ, ದೀಪಾವಳಿ ಕಳೆದು ಬಿಸಿಲು ಇಳಿದ ದಿನಗಳಲ್ಲಿ, ಬೆಟ್ಟ ಹತ್ತಿ ಕಲ್ಲುಮನೆಗಳ ದುಂಡು ಕಿಂಡಿಗಳನ್ನು ಅಳೆದೆ, ರೇಖಾಚಿತ್ರ ಬರೆದೆ, ಫೋಟೋ ತೆಗೆದೆ. ಅದನ್ನೆಲ್ಲ ಸೇರಿಸಿ ಬರೆದ ಇಂಗ್ಲಿಷ್ ಲೇಖನವನ್ನು ಒಂದು ಸಂಶೋಧನಾ ಪತ್ರಿಕೆ ಸ್ವೀಕರಿಸಿದಾಗ ಅವರು ಕಳುಹಿಸಿದ ನಮೂನೆಗೆ ಅಂದೇ ಸಹಿ ಹಾಕಿ ಕಳುಹಿಸಿದೆ. ಓದಲಿಲ್ಲ.

ಲೇಖನ ಬಂದ ಕೆಲವು ತಿಂಗಳ ಮೇಲೆ ಬೆಟ್ಟದ ಕೆಳಗಿನ ಒಂದು ಶಾಲೆಯ ಮುಖ್ಯೋಪಾಧ್ಯಾಯರು ಕೇಳಿದರು: ‘ಸರ್, ನೀವು ಬರೆದದ್ದು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಸಿಗುತ್ತದೆಯೇ?’ ಸಂತೋಷದಿಂದ ಒಪ್ಪಿಕೊಂಡೆ. ಮೂವತ್ತು ಪುಟದ ಕಿರುಹೊತ್ತಿಗೆ, ಅದರಲ್ಲಿ ನನ್ನವೇ ಚಿತ್ರಗಳು. ಪ್ರಕಾಶಕರಿಗೆ ಒಂದು ಮಾತು ತಿಳಿಸಿಬಿಡೋಣ ಎಂದು ಪತ್ರ ಬರೆದೆ. ಅನುವಾದಕ್ಕೂ ಚಿತ್ರಗಳ ಮರುಬಳಕೆಗೂ ಅನುಮತಿ ಬೇಕು, ಚಿತ್ರವೊಂದಕ್ಕೆ ಇಷ್ಟು ಶುಲ್ಕ ಎಂಬ ಉತ್ತರ ಬಂತು.

ಆಗ ನಮೂನೆಯನ್ನು ಮೊದಲ ಸಲ ಓದಿದೆ. ಎಲ್ಲ ಭಾಷೆಗಳಲ್ಲಿ, ಎಲ್ಲ ದೇಶಗಳಲ್ಲಿ, ಕೃತಿಸ್ವಾಮ್ಯದ (ಕಾಪಿರೈಟ್) ಪೂರ್ಣ ಅವಧಿಗೆ ಸಕಲ ಹಕ್ಕುಗಳನ್ನೂ ವರ್ಗಾಯಿಸಿದ್ದೇನೆ ಎಂದಿತ್ತು. ಪೂರ್ಣ ಅವಧಿ ಎಂದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕನ ಜೀವಮಾನ ಮತ್ತು ಅವನ ಮರಣಾನಂತರ 60 ವರ್ಷ. ಅನುವಾದದ ಹಕ್ಕು ಕೃತಿಸ್ವಾಮ್ಯದ ಒಳಗೇ ಇದೆ ಎಂದು 14ನೆಯ ಕಲಂ ಹೇಳುತ್ತದೆ. 19ನೆಯ ಕಲಮಿನ ಒಂದು ಮಾತು ನನ್ನನ್ನು ಹೆಚ್ಚು ನೋಯಿಸಿತು. ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಸೀಮಿತ. ಮೌನವಾಗಿದ್ದ ಲೇಖಕನನ್ನು ಕಾಯ್ದೆ ಇಷ್ಟರಮಟ್ಟಿಗೆ ಕಾಯುತ್ತದೆ. ನಾನು ಮಾತ್ರ ಎರಡನ್ನೂ ಅಕ್ಷರದಲ್ಲಿಯೇ ಬಿಟ್ಟುಕೊಟ್ಟಿದ್ದೆ.

ಶುಲ್ಕ ಕಟ್ಟಲಿಲ್ಲ. ಕೃತಿಸ್ವಾಮ್ಯ ಇರುವುದು ಬರವಣಿಗೆಯ ಮತ್ತು ಚಿತ್ರದ ರೂಪಕ್ಕೆ. ಕಲ್ಲಿನ ಎತ್ತರಕ್ಕೆ, ಕಿಂಡಿಯ ಅಳತೆಗೆ, ಬೆಟ್ಟದ ಚರಿತ್ರೆಗೆ ಅಲ್ಲ. ಹಾಗಾಗಿ ಮತ್ತೆ ಬೆಟ್ಟ ಹತ್ತಿದೆ. ಕ್ಷೇತ್ರಕಾರ್ಯದ ಅಳತೆ ಪುಸ್ತಕ ನನ್ನ ಬಳಿಯೇ ಇತ್ತು. ಹೊಸ ಫೋಟೋ ತೆಗೆದೆ, ಬೇರೆ ಕೋನದಿಂದ ಹೊಸ ರೇಖಾಚಿತ್ರ ಬರೆದೆ, ಇಂಗ್ಲಿಷ್ ಲೇಖನವನ್ನು ಮುಚ್ಚಿಟ್ಟು ಮಕ್ಕಳಿಗೆ ಹೇಳುವಂತೆ ಕನ್ನಡದಲ್ಲಿ ಹೊಸದಾಗಿಯೇ ಬರೆದೆ. ನಗಾರಿಯ ಆಕಾರದ ಬಂಡೆಯನ್ನು ಬಡಿದರೆ ದೂರದವರೆಗೆ ಸದ್ದು ಕೇಳುವುದನ್ನು ಇಂಗ್ಲಿಷಿನಲ್ಲಿ ಒಂದು ಅಡಿಟಿಪ್ಪಣಿಗೆ ತಳ್ಳಿದ್ದೆ. ಕನ್ನಡದಲ್ಲಿ ಅದೇ ಮೊದಲ ಅಧ್ಯಾಯವಾಯಿತು. ನಾನು ಬರೆದ ಎರಡರಲ್ಲಿ ಇದೇ ಒಳ್ಳೆಯದು ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ಹಳೆಯ ಇಂಗ್ಲಿಷ್ ಲೇಖನವನ್ನೂ ಪೂರ್ತಿ ಕೈಬಿಡಬೇಕಾಗಲಿಲ್ಲ. ಒಂದು ಲೇಖನಕ್ಕೆ ಮೂರು ಅವಸ್ಥೆಗಳಿರುತ್ತವೆ: ನಾವು ಮೊದಲು ಕಳುಹಿಸಿದ ಪ್ರತಿ, ವಿಮರ್ಶಕರ ಸಲಹೆಯಂತೆ ತಿದ್ದಿ ಸ್ವೀಕೃತವಾದ ಪ್ರತಿ, ಪ್ರಕಾಶಕರು ಪುಟ ವಿನ್ಯಾಸ ಮಾಡಿದ ಪಿಡಿಎಫ್. ಮೂರನೆಯದನ್ನು ಹಂಚುವಂತಿರಲಿಲ್ಲ. ಎರಡನೆಯದನ್ನು ಪ್ರಕಟವಾದ 12 ತಿಂಗಳ ನಂತರ ಎಲ್ಲರೂ ಓದಬಹುದಾದ ಅಂತರ್ಜಾಲ ಸಂಗ್ರಹದಲ್ಲಿ ಇಡಬಹುದು ಎಂದು ಆ ಪತ್ರಿಕೆಯ ನೀತಿಯಲ್ಲೇ ಇತ್ತು. ಪತ್ರಿಕೆಗಳ ಇಂಥ ನೀತಿಗಳನ್ನು ಒಂದೆಡೆ ಕೊಡುತ್ತಿದ್ದ ಶೆರ್ಪಾ ರೋಮಿಯೋ ಎಂಬ ಜಾಲತಾಣದಲ್ಲಿ (ಈಗ ಅದರ ಹೆಸರು ಓಪನ್ ಪಾಲಿಸಿ ಫೈಂಡರ್) ಅದನ್ನು ನೋಡಿ ತಿಳಿದೆ. ಅದೃಷ್ಟಕ್ಕೆ ವರ್ಡ್ ಕಡತ ಉಳಿದಿತ್ತು. ಗಡುವು ಮುಗಿದ ವಾರವೇ ಜೆನೋಡೋ ಎಂಬ ಅಂಥ ಒಂದು ಸಂಗ್ರಹದಲ್ಲಿ ಇಟ್ಟೆ. ಸ್ವೀಕೃತ ಪ್ರತಿಯನ್ನು ಅಳಿಸಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಈಗ ಪ್ರತಿ ವರ್ಷವೂ ಹೇಳುತ್ತೇನೆ.

ಎರಡನೆಯ ಲೇಖನದ ವೇಳೆಗೆ ದಾರಿ ಬದಲಿಸಿದೆ. ಲೇಖಕರಿಂದ ಶುಲ್ಕ ಕೇಳದ ಮುಕ್ತ ಪತ್ರಿಕೆಗಳನ್ನು ಡಿಒಎಜೆ (ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್) ಎಂಬ ಸೂಚಿಯಲ್ಲಿ ಹುಡುಕಿದೆ. ಅಲ್ಲಿ ಒಂದು ಪಾಠ ಕಲಿತೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಉಚಿತವಾಗಿ ಓದಲು ಸಿಗುವುದೆಲ್ಲ ಮುಕ್ತವಲ್ಲ. ಲೇಖಕನೇ ತನ್ನ ಕೃತಿಯ ಬಳಕೆಗೆ ಎಲ್ಲರಿಗೂ ಮೊದಲೇ ಅನುಮತಿ ಕೊಟ್ಟುಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಬಿವೈ ಎಂದರೆ ಹೆಸರು ಹೇಳಿ ಹೇಗಾದರೂ ಬಳಸಿ ಎಂದು. ಎಸ್‌ಎ ಸೇರಿದರೆ, ಬದಲಿಸಿ ಹಂಚುವವರೂ ಅದೇ ಷರತ್ತಿನಲ್ಲಿ ಹಂಚಬೇಕು. ಎನ್‌ಸಿ ವಾಣಿಜ್ಯ ಬಳಕೆಯನ್ನು ತಡೆಯುತ್ತದೆ. ಎನ್‌ಡಿ ಎಂಬ ಎರಡಕ್ಷರ ಇದ್ದರೆ ಬದಲಿಸಿದ ರೂಪವನ್ನು ಹಂಚುವಂತಿಲ್ಲ, ಅನುವಾದವೂ ಬದಲಿಸಿದ ರೂಪವೇ. ಇಂಗ್ಲಿಷಿನಲ್ಲಿ ಓದುವವನಿಗೆ ಎನ್‌ಡಿ ಒಂದು ಸಣ್ಣ ಷರತ್ತು. ಕನ್ನಡದವರಿಗೆ ಅದು ಬಾಗಿಲಿಗೆ ಬಿದ್ದ ಬೀಗ. ಲೇಖನ ಕಣ್ಣೆದುರೇ ಇರುತ್ತದೆ, ಆದರೆ ಅದನ್ನು ಕನ್ನಡಕ್ಕೆ ತಂದು ಹಂಚುವ ಮುನ್ನ ಮತ್ತೆ ಅನುಮತಿಯ ಪತ್ರ ಬರೆಯಬೇಕು. ಕರ್ನಾಟಕದ ನೆಲದ ಬಗ್ಗೆ ಬರೆಯುವವರು ತಮ್ಮ ಲೇಖನಕ್ಕೆ ಎನ್‌ಡಿ ಆರಿಸಬಾರದು ಎಂದು ನಾನು ಬಲವಾಗಿ ನಂಬುತ್ತೇನೆ.

ಎನ್‌ಸಿ ಬಗ್ಗೆ ನನಗೂ ಮೋಹವಿತ್ತು. ಯಾರೋ ನನ್ನ ಚಿತ್ರ ಮಾರಿ ಹಣ ಮಾಡಿದರೆ ಎಂಬ ಭಯ. ಆದರೆ ಹೊತ್ತಿಗೆಯನ್ನು ಮುದ್ರಿಸಿ ಹತ್ತು ರೂಪಾಯಿ ಲಾಭಕ್ಕೆ ಕೊಡುವ ಬಸ್ ನಿಲ್ದಾಣದ ಜೆರಾಕ್ಸ್ ಅಂಗಡಿಯವರು ಆಗ ತಪ್ಪಿತಸ್ಥರಾಗುತ್ತಾರೆಯೇ? ಪ್ರವಾಸಿಗರನ್ನು ಬೆಟ್ಟಕ್ಕೆ ಕರೆದೊಯ್ದು ಕೂಲಿ ಪಡೆಯುವ ಊರಿನ ಹುಡುಗ? ವಿಕಿಮೀಡಿಯ ಕಾಮನ್ಸ್ ಕೂಡ ಎನ್‌ಸಿ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಕನ್ನಡ ವಿಕಿಪೀಡಿಯದ ಪುಟಕ್ಕೆ ಚಿತ್ರ ಬೇಕೆಂದರೆ ಎನ್‌ಸಿಯನ್ನು ಬಿಡಬೇಕು. ಕೊನೆಗೆ ಲೇಖನಕ್ಕೆ ಬಿವೈ, ಹೊತ್ತಿಗೆಗೆ ಮತ್ತು ಫೋಟೋಗಳಿಗೆ ಬಿವೈ-ಎಸ್‌ಎ ಎಂದು ನಿರ್ಧರಿಸಿದೆ, ಎರಡೂ 4.0 ಆವೃತ್ತಿ. ಸಹಲೇಖಕರಾದ ಭೂಮಾಪಕ ಮಿತ್ರರ ಒಪ್ಪಿಗೆಯನ್ನು ಬರಹದಲ್ಲಿ ಪಡೆದೆ, ಏಕೆಂದರೆ ಜಂಟಿ ಕೃತಿಯನ್ನು ಒಬ್ಬನೇ ಬಿಟ್ಟುಕೊಡಲು ಬರುವುದಿಲ್ಲ. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂಪಡೆಯಲಾಗದು ಎಂಬುದನ್ನೂ ಅವರಿಗೆ ಬಿಡಿಸಿ ಹೇಳಿದೆ. ಕಲ್ಲುಗಳ ಊರ ಹೆಸರುಗಳನ್ನು ತಿಳಿಸಿದ ಹಿರಿಯರ ಫೋಟೋವನ್ನು ಮಾತ್ರ ಸೇರಿಸಲಿಲ್ಲ. ಪರವಾನಗಿ ನನ್ನ ಹಕ್ಕಿನದು, ಅವರ ಮುಖದ ಮೇಲೆ ನನಗೇನು ಹಕ್ಕು?

ಎಲ್ಲವನ್ನೂ ತೆರೆದಿಟ್ಟೆ ಎಂದರೆ ಸುಳ್ಳಾಗುತ್ತದೆ. ಹಿರೇಬೆಣಕಲ್ ಎಲ್ಲರಿಗೂ ಗೊತ್ತಿರುವ ಜಾಗ. ಆದರೆ ಎರಡನೆಯ ಲೇಖನಕ್ಕಾಗಿ ನಾವು ಸುತ್ತಿದ ಸಣ್ಣ ನೆಲೆಗಳಿಗೆ ಕಾವಲಿಲ್ಲ. ಅವುಗಳಲ್ಲೊಂದರಲ್ಲಿ ನಿಧಿಯ ಆಸೆಗೆ ಸಮಾಧಿಯ ನೆಲವನ್ನು ಅಗೆದು ಹಾಕಿದ್ದನ್ನು, ಚಪ್ಪಡಿ ಮುರಿದು ಬಿದ್ದದ್ದನ್ನು ಕಣ್ಣಾರೆ ಕಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಷಾಂಶ ರೇಖಾಂಶಗಳ ಕೋಷ್ಟಕವನ್ನು ದತ್ತಾಂಶದಿಂದ ತೆಗೆದು, ಊರಿನ ಹೆಸರಿನ ಮಟ್ಟಕ್ಕೆ ನಿಲ್ಲಿಸಿದೆ. ಏಕೆ ತೆಗೆದಿದ್ದೇವೆ ಎಂದು ಅಲ್ಲೇ ಬರೆದೆವು. ಕೋಷ್ಟಕ ಬೇಕಾದವರು ತಾವು ಯಾರು, ಯಾವ ಕೆಲಸಕ್ಕೆ ಎಂದು ಬರೆದು ಕೇಳಬೇಕು. ಇದುವರೆಗೆ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಟ್ಟಿದ್ದೇವೆ. ಇನ್ನೊಬ್ಬರು ಕಾರಣ ಹೇಳಲು ಒಪ್ಪಲಿಲ್ಲ, ಅವರಿಗೆ ಕಳುಹಿಸಲಿಲ್ಲ.